5 ಅಡಿ 9 ಇಂಚಿನ ಲೈನ್‌ಬ್ಯಾಕರ್: ಸ್ಯಾಮ್ ಮಿಲ್ಸ್ ಬದುಕಿನ ಮೂಲಕ ಒಂದು ಆಟದ ಪರಿಚಯ

ಷಾರ್ಲಟ್‌ನಲ್ಲಿರುವ ಅಕ್ಕನ ಮಗ ಹೋದ ವರ್ಷ ಒಂದು ವಿಡಿಯೊ ಕಳಿಸಿದ. ದೊಡ್ಡ ಕ್ರೀಡಾಂಗಣ. ಆಟ ಇನ್ನೂ ಶುರುವಾಗಿಲ್ಲ, ಆದರೂ ಜನ ಎದ್ದು ನಿಂತಿದ್ದಾರೆ. ಒಬ್ಬರು ಬಂದು ಭಾರಿ ನಗಾರಿಯೊಂದನ್ನು ಬಡಿಯುತ್ತಾರೆ. ಅರ್ಧ ಜನ ‘ಕೀಪ್’ ಅಂತ ಕೂಗುತ್ತಾರೆ, ಉಳಿದರ್ಧ ‘ಪೌಂಡಿಂಗ್’ ಅಂತ ಕೂಗುತ್ತಾರೆ. ಬಡಿಯುತ್ತಲೇ ಇರು, ಬಿಡಬೇಡ ಅಂತ ಅದರ ಅರ್ಥ.

ವಿಡಿಯೊ ಜೊತೆ ಅವನ ಮೆಸೇಜೂ ಇತ್ತು. ‘ಮಾಮ, ಇದೇನು ಅಂತ ನಿಮಗೆ ಗೊತ್ತಾ? ಮಗ ಶಾಲೆ ಟೀಮಲ್ಲಿ ಲೈನ್‌ಬ್ಯಾಕರ್ ಆಗ್ತೀನಿ ಅಂತ ಹಟ ಹಿಡಿದು ಕೂತಿದ್ದಾನೆ. ನನಗೆ ಆಟಾನೇ ಅರ್ಥ ಆಗಲ್ಲ.’

ಈ ಪ್ರಶ್ನೆ ಅವನೊಬ್ಬನದ್ದಲ್ಲ. ಅಮೆರಿಕದಲ್ಲಿ ಮಕ್ಕಳು, ಮೊಮ್ಮಕ್ಕಳು ಇರುವ ಎಷ್ಟೋ ಮನೆಗಳಲ್ಲಿ ಈ ಮಾತು ಬರುತ್ತದೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕ್ರಿಕೆಟ್ ವಾಪಸ್ ಬರುತ್ತಿದೆ ಅಂತ ನಾವೆಲ್ಲ ಖುಷಿಪಟ್ಟೆವಲ್ಲ, ಅದೇ ಪಟ್ಟಿಯಲ್ಲಿ ಫ್ಲ್ಯಾಗ್ ಫುಟ್‌ಬಾಲ್ ಅನ್ನುವ ಹೆಸರೂ ಇತ್ತು. ಅದು ಅಮೆರಿಕನ್ ಫುಟ್‌ಬಾಲಿನ ಮೈ ತಾಗದ ರೂಪ. ಹಾಗಾಗಿ ಈ ಆಟ ನಮ್ಮ ಟಿವಿಗೂ ಬರುವ ದಿನ ದೂರವಿಲ್ಲ.

ಆ ನಗಾರಿಯ ಹಿಂದೆ ಇರುವುದು ಸ್ಯಾಮ್ ಮಿಲ್ಸ್ ಅನ್ನುವ ಒಬ್ಬ ಲೈನ್‌ಬ್ಯಾಕರ್. ಅವರ ಕತೆ ಹೇಳುತ್ತಾ ಹೋದರೆ ಆಟವೂ ಅರ್ಥವಾಗುತ್ತದೆ, ಆ ಜಾಗದಲ್ಲಿ ಆಡುವವನಿಗೆ ಏನು ಬೇಕು ಅನ್ನುವುದೂ ಅರ್ಥವಾಗುತ್ತದೆ. ಅಕ್ಕನ ಮಗನಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.

ಮೊದಲು ಆಟ ಏನು ಅಂತ

ಹೆಸರು ಫುಟ್‌ಬಾಲ್, ಆದರೆ ಕಾಲಿಗೆ ಕೆಲಸ ಕಡಿಮೆ. ಚೆಂಡು ಸುಲಿದ ತೆಂಗಿನಕಾಯಿಯ ಹಾಗೆ ಎರಡೂ ತುದಿ ಚೂಪು. ಮೈದಾನ 100 ಗಜ ಉದ್ದ. ಒಂದೊಂದು ಕಡೆ 11 ಜನ. ಚೆಂಡು ಇರುವ ತಂಡ ಅದನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಬೇಕು. ದಾಟಿಸಿದರೆ ಟಚ್‌ಡೌನ್, 6 ಅಂಕ.

ಒಂದೇ ಉಸಿರಿಗೆ ಅಷ್ಟು ದೂರ ಹೋಗುವುದು ಅಪರೂಪ. ಅದಕ್ಕೇ ಕಂತುಗಳಿವೆ. 10 ಗಜ ಮುಂದೆ ಹೋಗಲು 4 ಅವಕಾಶ. ಒಂದೊಂದು ಅವಕಾಶಕ್ಕೂ ಡೌನ್ ಅಂತ ಹೆಸರು. ನಾಲ್ಕರೊಳಗೆ 10 ಗಜ ಹೋದರೆ ಮತ್ತೆ ಹೊಸದಾಗಿ 4 ಸಿಗುತ್ತದೆ. ಹೋಗಲಿಲ್ಲವೋ, ಚೆಂಡು ಎದುರಾಳಿಯ ಕೈಗೆ. ಕಬಡ್ಡಿಯಲ್ಲಿ ಎರಡು ರೇಡ್ ಖಾಲಿ ಹೋದಮೇಲೆ ಮೂರನೆಯದು ‘ಮಾಡು ಇಲ್ಲವೇ ಮಡಿ’ ಆಗುತ್ತದಲ್ಲ, ಇಲ್ಲಿ ಮೂರನೇ ಮತ್ತು ನಾಲ್ಕನೇ ಡೌನಿನಲ್ಲಿ ಅದೇ ಬಿಸಿ ಇರುತ್ತದೆ.

ಮುಂದೆ ಹೋಗಲು ದಾರಿ ಎರಡು. ಚೆಂಡನ್ನು ಬಗಲಲ್ಲಿ ಒತ್ತಿಕೊಂಡು ಓಡಬಹುದು. ಇಲ್ಲವೇ ಕ್ವಾರ್ಟರ್‌ಬ್ಯಾಕ್ ಅನ್ನುವವನು ಅದನ್ನು ದೂರಕ್ಕೆ ಎಸೆಯಬಹುದು, ಇನ್ನೊಬ್ಬ ಹಿಡಿಯಬಹುದು. ಚೆಂಡು ಹಿಡಿದವನನ್ನು ನೆಲಕ್ಕೆ ಕೆಡವುವುದೇ ಟ್ಯಾಕಲ್. ಕೆಡವಿದ ತಕ್ಷಣ ಆ ಡೌನ್ ಮುಗಿಯಿತು.

ಒಂದು ಡೌನ್ ನಡೆಯುವುದು ಬರೀ ನಾಲ್ಕೈದು ಸೆಕೆಂಡು. ಆಮೇಲೆ ಸುಮಾರು 40 ಸೆಕೆಂಡು ಬಿಡುವು. ಹೊಸದಾಗಿ ನೋಡುವವರಿಗೆ ‘ಇದೇನು, ಬರೀ ನಿಂತೇ ಇರ್ತಾರಲ್ಲ’ ಅನಿಸುವುದು ಇಲ್ಲೇ. ಕ್ರಿಕೆಟ್ಟಿನಲ್ಲಿ ಎರಡು ಬಾಲಿನ ನಡುವೆ ನಾಯಕ ಫೀಲ್ಡರುಗಳನ್ನು ಅತ್ತಿತ್ತ ಸರಿಸುತ್ತಾನಲ್ಲ, ಆ ಹೊತ್ತು ಅದು. ಅರ್ಧ ಆಟ ಆ ಬಿಡುವಿನಲ್ಲೇ ನಡೆಯುತ್ತದೆ.

ಇನ್ನೊಂದು ವಿಷಯ. ಒಂದೇ ತಂಡದಲ್ಲಿ ಮುನ್ನುಗ್ಗುವವರು ಬೇರೆ, ತಡೆಯುವವರು ಬೇರೆ. ಚೆಂಡು ಕೈ ಬದಲಾದರೆ 11 ಜನ ಹೊರಗೆ ಹೋಗಿ ಇನ್ನೊಂದು 11 ಜನ ಒಳಗೆ ಬರುತ್ತಾರೆ. ಲೈನ್‌ಬ್ಯಾಕರ್ ತಡೆಯುವವರ ಪೈಕಿ.

ನಡುವೆ ನಿಲ್ಲುವವನ ಕೆಲಸ

ತಡೆಯುವ 11 ಜನ ಮೂರು ಸಾಲಾಗಿ ನಿಲ್ಲುತ್ತಾರೆ. ಮೊದಲ ಸಾಲು ಗೋಡೆ. 130 ಕಿಲೊ ಮೀರಿದ ದೈತ್ಯರು ಅಲ್ಲಿ ಸಾಮಾನ್ಯ. ಕೊನೆಯ ಸಾಲಿನವರು ಹಗುರ, ಕುದುರೆಯ ಹಾಗೆ ಓಡುತ್ತಾರೆ, ದೂರಕ್ಕೆ ಎಸೆದ ಚೆಂಡನ್ನು ಕಾಯುತ್ತಾರೆ. ಇವರಿಬ್ಬರ ನಡುವಿನ ಸಾಲಿನಲ್ಲಿ ಗೋಡೆಗೆ ನಾಲ್ಕೈದು ಗಜ ಹಿಂದೆ ಮೊಣಕಾಲು ಬಗ್ಗಿಸಿ ನಿಲ್ಲುವವನೇ ಲೈನ್‌ಬ್ಯಾಕರ್. ಲೈನಿನ ಬೆನ್ನಿಗೆ ನಿಂತವನು ಅನ್ನುವುದು ಹೆಸರಿನ ಅರ್ಥ.

ನಡುವೆ ಇರುವುದರಿಂದ ಅವನಿಗೆ ಎರಡೂ ಕಡೆಯ ಕೆಲಸ. ಎದುರಾಳಿ ಓಡಿದರೆ ಮುಂದೆ ನುಗ್ಗಿ ಕೆಡವಬೇಕು. ಎಸೆಯುತ್ತಾರೆ ಅಂತಾದರೆ ಹಿಂದಕ್ಕೆ ಓಡಿ ಹಿಡಿಯುವವನನ್ನು ಕಾಯಬೇಕು. ತಪ್ಪಿ ಮುಂದೆ ನುಗ್ಗಿದರೆ ತಲೆ ಮೇಲೆ ಚೆಂಡು ಹಾರಿಹೋಗುತ್ತದೆ. ತಪ್ಪಿ ಹಿಂದೆ ಸರಿದರೆ ಮುಂದಿನ ಬಾಗಿಲು ತೆರೆದಂತೆ. ತೀರ್ಮಾನಕ್ಕೆ ಒಂದು ಸೆಕೆಂಡೂ ಸಿಗುವುದಿಲ್ಲ.

ಟಿವಿಯಲ್ಲಿ ‘3-4’, ‘4-3’ ಅಂತ ಕೇಳಿದರೆ ಗಾಬರಿಯಾಗಬೇಡಿ. ಮೊದಲ ಅಂಕಿ ಗೋಡೆಯಲ್ಲಿ ಎಷ್ಟು ಜನ ಅನ್ನುವುದು, ಎರಡನೆಯದು ಲೈನ್‌ಬ್ಯಾಕರುಗಳು ಎಷ್ಟು ಅನ್ನುವುದು. ಹೊರಬದಿಯ ಲೈನ್‌ಬ್ಯಾಕರುಗಳು ಹೆಚ್ಚಾಗಿ ಕ್ವಾರ್ಟರ್‌ಬ್ಯಾಕ್ ಮೇಲೆ ಮುಗಿಬೀಳುವವರು. ಒಳಬದಿಯವನು ತಡೆಯುವ ಪಡೆಯ ಯಜಮಾನ. ತರಬೇತುದಾರರ ಸೂಚನೆ ಅವನಿಗೆ ಬರುತ್ತದೆ, ಅವನು ಉಳಿದ ಹತ್ತು ಜನಕ್ಕೆ ಕೂಗಿ ಹೇಳುತ್ತಾನೆ. ಎದುರಾಳಿ ಕೊನೇ ಗಳಿಗೆಯಲ್ಲಿ ಜಾಗ ಬದಲಿಸಿದರೆ ಇವನೂ ಅಲ್ಲೇ ಯೋಜನೆ ಬದಲಿಸಬೇಕು. ಸ್ಯಾಮ್ ಮಿಲ್ಸ್ ಆಡಿದ್ದು ಈ ಜಾಗದಲ್ಲಿ.

ಸ್ವಲ್ಪ ಹತ್ತಿರ ಹೋಗಿ ನೋಡೋಣ. ಚೆಂಡು ಇನ್ನೂ ನೆಲದ ಮೇಲಿದೆ. ಲೈನ್‌ಬ್ಯಾಕರ್ ಚೆಂಡನ್ನು ನೋಡುತ್ತಿಲ್ಲ. ಎದುರಿನ ಸಾಲಿನಲ್ಲಿ ನೆಲಕ್ಕೆ ಕೈಯೂರಿ ಬಗ್ಗಿರುವ ಗಾರ್ಡ್ ಅನ್ನುವವನನ್ನು ನೋಡುತ್ತಿದ್ದಾನೆ. ಅವನ ಬೆರಳಿನ ಗೆಣ್ಣುಗಳು ಬೆಳ್ಳಗಾಗಿವೆಯಾ? ಹಾಗಾದರೆ ಮೈಭಾರವೆಲ್ಲ ಮುಂದಕ್ಕೆ ಬಿದ್ದಿದೆ, ನುಗ್ಗಲು ಸಿದ್ಧನಾಗಿದ್ದಾನೆ, ಇದು ಓಟ ಇರಬಹುದು. ಬೆರಳು ಸಡಿಲವಾಗಿ ನೆಲ ಮುಟ್ಟಿದ್ದು ಸೊಂಟ ಹಿಂದಕ್ಕಿದೆಯಾ? ಹಾಗಾದರೆ ಎದ್ದು ಹಿಂದೆ ಸರಿದು ಕ್ವಾರ್ಟರ್‌ಬ್ಯಾಕಿಗೆ ಕಾವಲು ನಿಲ್ಲುತ್ತಾನೆ, ಇದು ಎಸೆತ ಇರಬಹುದು. ಚೆಂಡು ಎದ್ದ ಕ್ಷಣ ಗಾರ್ಡ್ ಎಡಕ್ಕೆ ತಿರುಗಿ ಸಾಲಿನ ಹಿಂದೆ ಓಡಿದನಾ? ಚೆಂಡೂ ಎಡಕ್ಕೇ ಹೋಗುತ್ತದೆ. ಕೆಲವು ಸಲ ಇದು ಮೋಸದ ನಡೆಯೂ ಆಗಿರುತ್ತದೆ. ಅದಕ್ಕೇ ಒಂದೇ ಗುರುತು ನಂಬಿ ಹೆಜ್ಜೆ ಇಡುವ ಹಾಗಿಲ್ಲ.

ಇಂಥ ಹತ್ತಾರು ಸಣ್ಣ ಗುರುತುಗಳನ್ನು ಹಳೆಯ ಆಟಗಳ ವಿಡಿಯೊ ಮತ್ತೆ ಮತ್ತೆ ನೋಡಿ ಮೈಗೂಡಿಸಿಕೊಳ್ಳಬೇಕು. ರಟ್ಟೆ ಎಷ್ಟೇ ಗಟ್ಟಿ ಇರಲಿ, ಓದು ತಪ್ಪಿದ ಲೈನ್‌ಬ್ಯಾಕರ್ ಸುಮ್ನೆ ತಪ್ಪು ದಿಕ್ಕಿಗೆ ಜೋರಾಗಿ ಓಡುತ್ತಾನೆ ಅಷ್ಟೇ.

ಅಳತೆ ಟೇಪು ಹೇಳಿದ್ದು

ಸ್ಯಾಮ್ ಮಿಲ್ಸ್ ಹುಟ್ಟಿದ್ದು 1959ರ ಜೂನ್ 3ರಂದು, ನ್ಯೂಜೆರ್ಸಿ ರಾಜ್ಯದಲ್ಲಿ. ಬೆಳೆದದ್ದು ಅಲ್ಲಿನ ಕಡಲ ತೀರದ ಲಾಂಗ್ ಬ್ರಾಂಚ್ ಊರಲ್ಲಿ. ಶಾಲೆಯಲ್ಲಿ ಫುಟ್‌ಬಾಲ್ ಜೊತೆ ಕುಸ್ತಿಯನ್ನೂ ಆಡಿದರು. ಈ ಕುಸ್ತಿಯ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎತ್ತರ 5 ಅಡಿ 9 ಇಂಚು. ನಮ್ಮಲ್ಲಿ ಇದು ಒಳ್ಳೆಯ ಎತ್ತರ. ಆದರೆ ವೃತ್ತಿಪರ ಲೈನ್‌ಬ್ಯಾಕರ್ ಅಂದರೆ 6 ಅಡಿ ದಾಟಿರಬೇಕು, ಎರಡು ಮೂರು ಇಂಚು ಜಾಸ್ತಿ ಇದ್ದರೆ ಇನ್ನೂ ಒಳ್ಳೆಯದು ಅನ್ನುವ ಲೆಕ್ಕ ಅಲ್ಲಿ. ದೊಡ್ಡ ವಿಶ್ವವಿದ್ಯಾಲಯಗಳು ಇವರತ್ತ ತಿರುಗಿ ನೋಡಲಿಲ್ಲ. ಮಿಲ್ಸ್ ಸೇರಿದ್ದು ಮಾಂಟ್‌ಕ್ಲೇರ್ ಸ್ಟೇಟ್ ಅನ್ನುವ ಕಾಲೇಜು. ಅದು ಕಾಲೇಜು ಕ್ರೀಡೆಯ ಮೂರನೇ ದರ್ಜೆಯಲ್ಲಿತ್ತು. ಆ ದರ್ಜೆಯಲ್ಲಿ ಆಟಕ್ಕೆ ಅಂತ ವಿದ್ಯಾರ್ಥಿವೇತನವೂ ಇಲ್ಲ. ಅಲ್ಲಿ ಅವರು 501 ಟ್ಯಾಕಲ್ ಮಾಡಿದರು. ಕಾಲೇಜಿನ ದಾಖಲೆ ಅದು.

ಕಾಲೇಜು ಮುಗಿಸಿದವರು ವೃತ್ತಿಪರ ಲೀಗ್ ಎನ್‌ಎಫ್‌ಎಲ್ ಸೇರುವ ಮುಖ್ಯ ಬಾಗಿಲು ಡ್ರಾಫ್ಟ್. ಐಪಿಎಲ್ ಹರಾಜಿಗೂ ಇದಕ್ಕೂ ವ್ಯತ್ಯಾಸವಿದೆ. ಇಲ್ಲಿ ಬೆಲೆ ಕೂಗುವುದಿಲ್ಲ. ತಂಡಗಳು ಸರದಿ ಪ್ರಕಾರ ಒಬ್ಬೊಬ್ಬರನ್ನು ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ತೀರಾ ಕೆಟ್ಟದಾಗಿ ಆಡಿದ ತಂಡಕ್ಕೆ ಮೊದಲ ಸರದಿ. 1981ರ ಡ್ರಾಫ್ಟ್‌ನಲ್ಲಿ 28 ತಂಡಗಳು 12 ಸುತ್ತು ಆರಿಸಿದವು, ಮುನ್ನೂರಕ್ಕೂ ಹೆಚ್ಚು ಹೆಸರು ಕೂಗಲಾಯಿತು. ಎರಡನೆಯ ಹೆಸರೇ ಒಬ್ಬ ಲೈನ್‌ಬ್ಯಾಕರಿನದು. 6 ಅಡಿ 3 ಇಂಚಿನ ಲಾರೆನ್ಸ್ ಟೇಲರ್. ಅವರು ಮುಂದೆ ಈ ಆಟದ ಚಹರೆಯನ್ನೇ ಬದಲಿಸಿದರು. ಆ ಇಡೀ ಪಟ್ಟಿಯಲ್ಲಿ ಸ್ಯಾಮ್ ಮಿಲ್ಸ್ ಹೆಸರು ಇರಲಿಲ್ಲ.

ತಂಡಗಳು ಎತ್ತರಕ್ಕೆ ಇಷ್ಟು ಯಾಕೆ ಅಂಟಿಕೊಳ್ಳುತ್ತವೆ? ಕಾರಣಗಳಿವೆ, ಅವು ಪೊಳ್ಳಲ್ಲ. ಎದುರು ನಿಂತ ಗೋಡೆಯವರು 6 ಅಡಿ 4, 6 ಅಡಿ 5 ಇರುತ್ತಾರೆ. ಅವರಾಚೆ ಚೆಂಡು ಎಲ್ಲಿದೆ ಅಂತ ಕುಳ್ಳಗಿನವನಿಗೆ ಕಾಣುವುದು ಕಷ್ಟ. ಚೆಂಡು ಹಿಡಿಯುವವರೂ ಎತ್ತರದವರು, ಅವರ ಮುಂದೆ ಕೈ ಎಟುಕಬೇಕು. ಗಿಡ್ಡ ತೋಳಿನವನನ್ನು 130 ಕಿಲೊದ ಗಾರ್ಡ್ ಒಮ್ಮೆ ಹಿಡಿದರೆ ಬಿಡಿಸಿಕೊಳ್ಳುವುದು ಸುಲಭವಲ್ಲ. ನೂರಾರು ಹುಡುಗರಲ್ಲಿ ಕೆಲವರನ್ನು ಆರಿಸುವಾಗ ಕಣ್ಣಿಗೆ ಕಾಣುವ ಅಳತೆಯೇ ಮೊದಲ ಜರಡಿಯಾಗುತ್ತದೆ. ಗಾರ್ಡಿನ ಬೆರಳು ಓದುವ ಶಕ್ತಿಯನ್ನು ಅಳೆಯುವ ಟೇಪು ಯಾರ ಹತ್ತಿರವೂ ಇರಲಿಲ್ಲ.

ಮರಗೆಲಸದ ಮೇಷ್ಟ್ರು

ಡ್ರಾಫ್ಟ್‌ನಲ್ಲಿ ಸಿಗದವರಿಗೆ ಒಂದು ಕಿರುಬಾಗಿಲು ಇದೆ. ತಂಡಗಳು ಬೇಸಿಗೆಯ ತರಬೇತಿ ಶಿಬಿರಕ್ಕೆ ಬೇಕಾದ್ದಕ್ಕಿಂತ ಬಹಳ ಜಾಸ್ತಿ ಜನರನ್ನು ಕರೆಯುತ್ತವೆ. ಈಗಿನ ಲೆಕ್ಕದಲ್ಲಿ 90 ಜನ ಬಂದರೆ ಕೊನೆಗೆ ಉಳಿಯುವುದು 53. ಉಳಿದವರನ್ನು ಋತು ಶುರುವಾಗುವ ಮುಂಚೆಯೇ ಮನೆಗೆ ಕಳಿಸುತ್ತಾರೆ. ಇದನ್ನು ‘ಕಟ್’ ಮಾಡುವುದು ಅನ್ನುತ್ತಾರೆ.

1981ರಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡ ಮಿಲ್ಸ್ ಅವರನ್ನು ಶಿಬಿರಕ್ಕೆ ಕರೆಯಿತು, ಆಮೇಲೆ ಕಟ್ ಮಾಡಿತು. ಮುಂದಿನ ವರ್ಷ ಕೆನಡಾಕ್ಕೆ ಹೋದರು. ಅಲ್ಲಿನ ಲೀಗ್‌ನ ಟೊರಾಂಟೊ ಆರ್ಗೊನಾಟ್ಸ್ ತಂಡವೂ ಕಳಿಸಿಬಿಟ್ಟಿತು. ಮಿಲ್ಸ್ ನ್ಯೂಜೆರ್ಸಿಗೆ ವಾಪಸ್ ಬಂದು ಈಸ್ಟ್ ಆರೆಂಜ್‌ನ ಹೈಸ್ಕೂಲಿನಲ್ಲಿ ಮೇಷ್ಟ್ರಾದರು. ಮಕ್ಕಳಿಗೆ ಮರಗೆಲಸ ಮತ್ತು ಫೋಟೊಗ್ರಫಿ ಕಲಿಸುವುದು, ಸಂಜೆ ಶಾಲೆಯ ಫುಟ್‌ಬಾಲ್ ತಂಡಕ್ಕೆ ತರಬೇತಿ ಕೊಡುವುದು. ಕಾಲೇಜಿನಲ್ಲಿ ಮೆರೆದ ಎಷ್ಟೋ ಆಟಗಾರರ ಕತೆ ಇಂಥ ಕಡೆಯೇ ನಿಂತುಬಿಡುತ್ತದೆ.

ಅದೇ ಹೊತ್ತಿಗೆ ಯುಎಸ್‌ಎಫ್‌ಎಲ್ ಅನ್ನುವ ಹೊಸ ಲೀಗ್ ಹುಟ್ಟಿತು. ಎನ್‌ಎಫ್‌ಎಲ್ ಶರತ್ಕಾಲದಲ್ಲಿ ನಡೆದರೆ ಇದು ವಸಂತದಲ್ಲಿ. ಆಟಗಾರರು ಬೇಕಾಗಿದ್ದರು. ಕಟ್ ಮಾಡಿದ್ದ ಬ್ರೌನ್ಸ್ ತಂಡದ ಮುಖ್ಯ ತರಬೇತುದಾರ ಸ್ಯಾಮ್ ರುಟಿಗ್ಲಿಯಾನೊ ಅವರೇ ಫಿಲಡೆಲ್ಫಿಯಾ ಸ್ಟಾರ್ಸ್ ತಂಡಕ್ಕೆ ಇವರ ಹೆಸರು ಹೇಳಿದರು. ಈ ಸಂಗತಿ ನನಗೆ ತುಂಬಾ ಇಷ್ಟ. ಕೈಬಿಟ್ಟವರೇ ಕೈಹಿಡಿದು ಇನ್ನೊಂದು ಮನೆ ಬಾಗಿಲು ತೋರಿಸುವುದು ಆಟದ ಲೋಕದಲ್ಲಿ ದಿನಾ ಕಾಣುವಂಥದ್ದಲ್ಲ.

ಸ್ಟಾರ್ಸ್ ತಂಡದ ತರಬೇತುದಾರ ಜಿಮ್ ಮೋರಾ. ಶುರುವಿನಲ್ಲಿ ಅವರಿಗೂ ಎತ್ತರದ ಬಗ್ಗೆ ಅನುಮಾನವಿತ್ತು. ಅಭ್ಯಾಸದಲ್ಲಿ ಮಿಲ್ಸ್ ಆಡಿದ್ದು ನೋಡಿದ ಮೇಲೆ ಆ ಅನುಮಾನ ಉಳಿಯಲಿಲ್ಲ. ‘ಫೀಲ್ಡ್ ಮೌಸ್’, ಅಂದರೆ ಹೊಲದ ಇಲಿ ಅಂತ ಒಂದು ಅಡ್ಡಹೆಸರೂ ಅಂಟಿಕೊಂಡಿತು. ದೈತ್ಯರ ಕಾಲಸಂದಿಯಲ್ಲಿ ನುಸುಳಿ ಚೆಂಡು ಹಿಡಿದವನ ಮುಂದೆ ಪ್ರತ್ಯಕ್ಷರಾಗುವ ರೀತಿಗೆ ಆ ಹೆಸರು ಸರಿಯಾಗಿ ಹೊಂದುತ್ತಿತ್ತು. ಆ ಲೀಗ್ ನಡೆದ ಮೂರು ವರ್ಷವೂ ಸ್ಟಾರ್ಸ್ ಫೈನಲ್ ಆಡಿತು. 1983ರಲ್ಲಿ ಸೋತಿತು, 1984 ಮತ್ತು 1985ರಲ್ಲಿ ಗೆದ್ದಿತು. ಮೂರು ವರ್ಷವೂ ಲೀಗಿನ ಶ್ರೇಷ್ಠರ ತಂಡದಲ್ಲಿ ಮಿಲ್ಸ್ ಹೆಸರಿತ್ತು.

ಲೀಗ್ ಮಾತ್ರ ಉಳಿಯಲಿಲ್ಲ. ಎನ್‌ಎಫ್‌ಎಲ್ ಮೇಲೆ ಹೂಡಿದ ಏಕಸ್ವಾಮ್ಯದ ಮೊಕದ್ದಮೆಯನ್ನು 1986ರಲ್ಲಿ ಗೆದ್ದರೂ ಜ್ಯೂರಿ ಕೊಟ್ಟ ಪರಿಹಾರ 1 ಡಾಲರ್. ಕಾನೂನಿನ ಪ್ರಕಾರ ಅದು ಮೂರು ಪಟ್ಟಾಗಿ 3 ಡಾಲರ್ ಆಯಿತು. ಅಂಗಡಿ ಮುಚ್ಚಿತು.

ಕುಳ್ಳಗಿದ್ದದ್ದು ಹೇಗೆ ನೆರವಾಯಿತು

ಆ ವರ್ಷವೇ ಜಿಮ್ ಮೋರಾ ಎನ್‌ಎಫ್‌ಎಲ್‌ನ ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡಕ್ಕೆ ಮುಖ್ಯ ತರಬೇತುದಾರರಾಗಿ ಹೋದರು, ಮಿಲ್ಸ್ ಅವರನ್ನೂ ಕರೆದೊಯ್ದರು. ಆಗ ಮಿಲ್ಸ್‌ಗೆ 27 ವರ್ಷ. ಬೇರೆಯವರು ಆ ವಯಸ್ಸಿಗೆ ನಾಲ್ಕೈದು ವರ್ಷ ಆಡಿ ಮುಗಿಸಿರುತ್ತಾರೆ.

ಸೇಂಟ್ಸ್ ತಂಡದ ಸ್ಥಿತಿಯೂ ಕೇಳುವಂತಿರಲಿಲ್ಲ. 1967ರಲ್ಲಿ ಶುರುವಾದ ತಂಡ ಒಂದು ವರ್ಷವೂ ಸೋಲಿಗಿಂತ ಹೆಚ್ಚು ಗೆಲುವು ಕಂಡಿರಲಿಲ್ಲ. 1980ರಲ್ಲಂತೂ 16 ಪಂದ್ಯದಲ್ಲಿ 15 ಸೋತಿತು. ಅಭಿಮಾನಿಗಳು ನಾಚಿಕೆಯಿಂದ ತಲೆಗೆ ಕಾಗದದ ಚೀಲ ಹಾಕಿಕೊಂಡು ಕೂರುತ್ತಿದ್ದರು. 1987ರಲ್ಲಿ ಅದೇ ತಂಡ 12 ಪಂದ್ಯ ಗೆದ್ದು 3 ಸೋತಿತು. ಮೊದಲ ಸಲ ಪ್ಲೇಆಫ್ ಮುಟ್ಟಿತು.

ಇದಕ್ಕೆ ದೊಡ್ಡ ಕಾರಣ ನಾಲ್ವರು ಲೈನ್‌ಬ್ಯಾಕರುಗಳು. ಹೊರಬದಿಯಲ್ಲಿ ರಿಕಿ ಜ್ಯಾಕ್ಸನ್ ಮತ್ತು ಪ್ಯಾಟ್ ಸ್ವಿಲಿಂಗ್, ಒಳಬದಿಯಲ್ಲಿ ವಾನ್ ಜಾನ್ಸನ್ ಮತ್ತು ಸ್ಯಾಮ್ ಮಿಲ್ಸ್. ತಂಡ ಆಡುತ್ತಿದ್ದದ್ದು ಸೂಪರ್‌ಡೋಮ್ ಅನ್ನುವ ಚಾವಣಿಯ ಕ್ರೀಡಾಂಗಣದಲ್ಲಿ, ಹಾಗಾಗಿ ಇವರಿಗೆ ‘ಡೋಮ್ ಪಟ್ರೋಲ್’ ಅಂತ ಹೆಸರು ಬಂತು. ಡೋಮಿನ ಗಸ್ತು ಪಡೆ ಅಂತ ಅರ್ಥ. 1992ರ ಋತುವಿನಲ್ಲಿ ನಾಲ್ವರೂ ಒಟ್ಟಿಗೆ ಪ್ರೊ ಬೌಲ್ ತಂಡಕ್ಕೆ ಆಯ್ಕೆಯಾದರು. ಪ್ರೊ ಬೌಲ್ ಅಂದರೆ ಆ ವರ್ಷದ ಅತ್ಯುತ್ತಮ ಆಟಗಾರರ ಪ್ರದರ್ಶನ ಪಂದ್ಯ. ಒಂದೇ ತಂಡದ ನಾಲ್ಕು ಲೈನ್‌ಬ್ಯಾಕರುಗಳು ಹೀಗೆ ಆಯ್ಕೆಯಾದದ್ದು ಅದೇ ಮೊದಲು.

ಈಗ ಕುಸ್ತಿಯ ಮಾತಿಗೆ ಬರೋಣ. ಭಾರವಾದ ಬೀರು ತಳ್ಳುವಾಗ ನಾವು ಏನು ಮಾಡುತ್ತೇವೆ? ನೆಟ್ಟಗೆ ನಿಂತು ಮೇಲಿನಿಂದ ತಳ್ಳುವುದಿಲ್ಲ. ಬಗ್ಗಿ, ಭುಜ ತಗ್ಗಿಸಿ, ಕಾಲಿನ ಬಲ ಹಾಕುತ್ತೇವೆ. ಇಬ್ಬರು ಢಿಕ್ಕಿಯಾದಾಗಲೂ ಅದೇ ನಿಯಮ. ಯಾರ ಭುಜ ಕೆಳಗಿದೆಯೋ ಅವನು ಎದುರಾಳಿಯನ್ನು ಮೇಲಕ್ಕೆತ್ತಿ ಕಾಲು ಕೀಳಿಸಬಲ್ಲ. ಕಬಡ್ಡಿ ನೋಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಲಿನ ಗಂಟು ಹಿಡಿಯುವ ಡಿಫೆಂಡರ್ ಎಷ್ಟು ತಗ್ಗಿದರೆ ರೇಡರಿಗೆ ಅಷ್ಟು ಕಷ್ಟ. 6 ಅಡಿ 5 ಇಂಚಿನ ಗಾರ್ಡ್ ಬಹಳ ಬಗ್ಗಬೇಕು. ಮಿಲ್ಸ್ ನಿಂತಲ್ಲೇ ಅವನಿಗಿಂತ ಕೆಳಗಿದ್ದರು. ತೂಕ 104 ಕಿಲೊ, ಕುಸ್ತಿಯಲ್ಲಿ ಪಳಗಿದ ಸೊಂಟ, ಜೊತೆಗೆ ಯಾರಿಗಿಂತ ಮೊದಲು ಚೆಂಡಿನ ದಾರಿ ಹಿಡಿಯುವ ಕಣ್ಣು. ಟೇಪು ಯಾವುದನ್ನು ಕೊರತೆ ಅಂದಿತ್ತೋ ಅದೇ ಅವರ ಪಟ್ಟಾಯಿತು.

ತಾನು ತರಬೇತಿ ಕೊಟ್ಟವರಲ್ಲೇ ಅತ್ಯುತ್ತಮ ಆಟಗಾರ ಮಿಲ್ಸ್ ಅಂತ ಮೋರಾ ಮುಂದೆ ಹೇಳುತ್ತಾ ಬಂದರು.

ಹೊಸ ತಂಡ, 36ರ ವಯಸ್ಸು

1990ರ ದಶಕದಲ್ಲಿ ಎನ್‌ಎಫ್‌ಎಲ್‌ನಲ್ಲಿ ಎರಡು ದೊಡ್ಡ ಬದಲಾವಣೆ ಬಂದವು. ಒಂದು, 1993ರಿಂದ ಒಪ್ಪಂದ ಮುಗಿದ ಅನುಭವಿ ಆಟಗಾರ ತನಗೆ ಬೇಕಾದ ತಂಡಕ್ಕೆ ಹೋಗಬಹುದಾಯಿತು. ಎರಡು, 1995ರಲ್ಲಿ ಎರಡು ಹೊಸ ತಂಡಗಳು ಸೇರಿದವು. ಅದರಲ್ಲೊಂದು ಷಾರ್ಲಟ್‌ನ ಕ್ಯಾರೊಲೈನಾ ಪ್ಯಾಂಥರ್ಸ್. ಅದರ ಡಿಫೆನ್ಸ್ ನೋಡಿಕೊಳ್ಳುತ್ತಿದ್ದವರು ವಿಕ್ ಫ್ಯಾಂಜಿಯೊ. ಸೇಂಟ್ಸ್‌ನಲ್ಲಿ ಮಿಲ್ಸ್‌ಗೆ ಕೋಚ್ ಆಗಿದ್ದವರೇ. ಇವರ ಬೆಲೆ ಅವರಿಗೆ ಗೊತ್ತಿತ್ತು.

ಹೊಸ ತಂಡ ಮೊದಲ ಐದೂ ಪಂದ್ಯ ಸೋತಿತು. ಆರನೆಯದು 1995ರ ಅಕ್ಟೋಬರ್ 15ರಂದು, ನ್ಯೂಯಾರ್ಕ್ ಜೆಟ್ಸ್ ವಿರುದ್ಧ. ಸ್ವಂತ ಕ್ರೀಡಾಂಗಣ ಇನ್ನೂ ಕಟ್ಟಿ ಮುಗಿದಿರಲಿಲ್ಲ, ಪಕ್ಕದ ರಾಜ್ಯದ ಕ್ಲೆಮ್ಸನ್ ವಿಶ್ವವಿದ್ಯಾಲಯದ ಮೈದಾನದಲ್ಲಿ ಆಡುತ್ತಿದ್ದರು. ಜೆಟ್ಸ್ ಕ್ವಾರ್ಟರ್‌ಬ್ಯಾಕ್ ಬಬಿ ಬ್ರಿಸ್ಟರ್ ಹತ್ತಿರದವನಿಗೆ ಚೆಂಡನ್ನು ಮೆಲ್ಲಗೆ ತಳ್ಳಿಕೊಟ್ಟರು. ಆ ಜಾಗಕ್ಕೆ ಮಿಲ್ಸ್ ಆಗಲೇ ಬಂದಾಗಿತ್ತು. ನಡುವೆಯೇ ಚೆಂಡು ಕಸಿದು 36 ಗಜ ಓಡಿ ಟಚ್‌ಡೌನ್ ಮಾಡಿದರು. ಪ್ಯಾಂಥರ್ಸ್ 26–15ರಿಂದ ಗೆದ್ದಿತು. ತಂಡದ ಇತಿಹಾಸದ ಮೊದಲ ಗೆಲುವು ಅದು.

ಮರುವರ್ಷ ಪ್ಯಾಂಥರ್ಸ್ 12 ಪಂದ್ಯ ಗೆದ್ದಿತು, ಹಾಲಿ ಚಾಂಪಿಯನ್ ಡಲ್ಲಾಸ್ ಕೌಬಾಯ್ಸ್ ತಂಡವನ್ನು ಪ್ಲೇಆಫಿನಲ್ಲಿ ಸೋಲಿಸಿತು, ಸೂಪರ್ ಬೌಲ್ ಫೈನಲಿಗೆ ಒಂದೇ ಹೆಜ್ಜೆ ಹಿಂದೆ ನಿಂತಿತು. 37 ವರ್ಷದ ಮಿಲ್ಸ್ ಆ ವರ್ಷ ಇಡೀ ಲೀಗಿನ ಶ್ರೇಷ್ಠರ ಮೊದಲ ತಂಡದಲ್ಲಿ ಸ್ಥಾನ ಪಡೆದರು. ಮೈಗೆ ಮೈ ಬಡಿಯುವ ಆಟದಲ್ಲಿ ಆ ವಯಸ್ಸಿಗೆ ಆ ಮಟ್ಟ ಬಹಳ ಅಪರೂಪ. ಓಟದ ವೇಗ ಕುಗ್ಗಿದರೂ ಓದುವ ವೇಗ ಕುಗ್ಗಿರಲಿಲ್ಲ.

1997ರ ಋತುವಿನ ನಂತರ ಆಟ ನಿಲ್ಲಿಸಿದರು. ಎನ್‌ಎಫ್‌ಎಲ್‌ನಲ್ಲಿ 12 ಋತು, 181 ಪಂದ್ಯ, 5 ಪ್ರೊ ಬೌಲ್. ಅವರ 51ನೇ ನಂಬರಿನ ಅಂಗಿಯನ್ನು ಪ್ಯಾಂಥರ್ಸ್ ಬೇರೆ ಯಾರಿಗೂ ಕೊಡದೆ ಎತ್ತಿಟ್ಟಿತು. ಕ್ರೀಡಾಂಗಣದ ಹೊರಗೆ ಅವರ ಪ್ರತಿಮೆ ನಿಲ್ಲಿಸಿತು. ಮಿಲ್ಸ್ ಅಲ್ಲೇ ಕೋಚ್ ಆಗಿ ಉಳಿದರು. ಮತ್ತೆ ಮೇಷ್ಟ್ರ ಕೆಲಸ.

ನಗಾರಿಯ ಹಿಂದಿನ ಮಾತು

2003ರ ಆಗಸ್ಟಿನಲ್ಲಿ ಮಿಲ್ಸ್‌ಗೆ ಕರುಳಿನ ಕ್ಯಾನ್ಸರ್ ಇರುವುದು ಗೊತ್ತಾಯಿತು. ಉಳಿದಿರುವುದು ಕೆಲವೇ ತಿಂಗಳು ಅಂತ ಹೇಳಿದ್ದರು. ಅದೇ ಬೇಸಿಗೆಯಲ್ಲಿ ತಂಡದ ಲೈನ್‌ಬ್ಯಾಕರ್ ಮಾರ್ಕ್ ಫೀಲ್ಡ್ಸ್‌ಗೂ ಬೇರೊಂದು ಬಗೆಯ ಕ್ಯಾನ್ಸರ್ ಕಾಣಿಸಿಕೊಂಡಿತ್ತು. ಮಿಲ್ಸ್ ಕೀಮೊಥೆರಪಿ ತೆಗೆದುಕೊಳ್ಳುತ್ತಲೇ ಮೈದಾನಕ್ಕೆ ಬಂದು ಹುಡುಗರಿಗೆ ಹೇಳಿಕೊಡುತ್ತಿದ್ದರು.

2004ರ ಜನವರಿ 3ರಂದು ಡಲ್ಲಾಸ್ ವಿರುದ್ಧ ಪ್ಲೇಆಫ್ ಪಂದ್ಯ. ಅದಕ್ಕೆ ಮುಂಚೆ ಮಿಲ್ಸ್ ತಂಡದ ಎದುರು ನಿಂತು ಮಾತಾಡಿದರು. ಕ್ಯಾನ್ಸರ್ ಅಂತ ಗೊತ್ತಾದಾಗ ತನ್ನ ಮುಂದೆ ಇದ್ದದ್ದು ಎರಡೇ ದಾರಿ ಅಂದರು. ಕೈಚೆಲ್ಲುವುದು, ಇಲ್ಲವೇ ಬಡಿಯುತ್ತಲೇ ಇರುವುದು. ತಾನು ಹೋರಾಡುವವನು, ಬಡಿಯುತ್ತಲೇ ಇದ್ದೇನೆ, ನೀವೂ ಅಂಥವರೇ, ಬಡಿಯುತ್ತಲೇ ಇರಿ ಅಂದರು. ‘ಕೀಪ್ ಪೌಂಡಿಂಗ್’ ಹುಟ್ಟಿದ್ದು ಅಲ್ಲಿ. ತಂಡ 29–10ರಿಂದ ಗೆದ್ದಿತು. ಗೆಲ್ಲುತ್ತಾ ಸೂಪರ್ ಬೌಲ್ ಫೈನಲ್ ತಲುಪಿ 32–29ರಲ್ಲಿ, ಬರೀ 3 ಅಂಕದಿಂದ ಸೋತಿತು.

ಮಿಲ್ಸ್ ಮುಂದಿನ ಋತುವಿನಲ್ಲೂ ಕೋಚ್ ಆಗಿದ್ದರು. 2005ರ ಏಪ್ರಿಲ್ 18ರಂದು ತೀರಿಕೊಂಡರು. ವಯಸ್ಸು 45. ಈಗ ಪ್ಯಾಂಥರ್ಸ್ ಅಂಗಿಯ ಕಾಲರಿನ ಒಳಭಾಗದಲ್ಲಿ ಆ ಎರಡು ಪದಗಳಿವೆ. ಹೊರಗೆ ಕಾಣುವುದಿಲ್ಲ, ಹಾಕಿಕೊಂಡವನ ಕತ್ತಿಗೆ ಮಾತ್ರ ತಾಗುತ್ತವೆ.

ಆಟದ ಅತಿ ದೊಡ್ಡ ಗೌರವ ಒಹಾಯೊ ರಾಜ್ಯದ ಕ್ಯಾಂಟನ್ ಊರಿನ ಹಾಲ್ ಆಫ್ ಫೇಮ್‌ನಲ್ಲಿ ಸೇರುವುದು. ಆಟ ಬಿಟ್ಟು ಐದು ವರ್ಷವಾದ ಮೇಲೆ ಹೆಸರು ಪರಿಗಣನೆಗೆ ಬರುತ್ತದೆ. ಸಾಮಾನ್ಯ ದಾರಿಯಲ್ಲಿ 20 ವರ್ಷ ಕಾಲಾವಕಾಶ. ಕ್ವಾರ್ಟರ್‌ಬ್ಯಾಕಿಗೆ ಎಸೆದ ಗಜಗಳ ಲೆಕ್ಕವಿದೆ, ಓಡುವವನಿಗೆ ಓಡಿದ ಗಜಗಳ ಲೆಕ್ಕವಿದೆ. ಹತ್ತು ಜನರನ್ನು ಸರಿಯಾದ ಜಾಗದಲ್ಲಿ ನಿಲ್ಲಿಸಿದ್ದಕ್ಕೆ ಲೆಕ್ಕ ಇಡುವ ಪುಸ್ತಕವಿಲ್ಲ. ಮಿಲ್ಸ್ ಆಯ್ಕೆಯಾದದ್ದು 2022ರಲ್ಲಿ, 20ನೇ ಮತ್ತು ಕೊನೆಯ ವರ್ಷದಲ್ಲಿ. ಆ ಆಗಸ್ಟಿನಲ್ಲಿ ವೇದಿಕೆ ಮೇಲೆ ಅವರ ಪರವಾಗಿ ನಿಂತವರು ಹೆಂಡತಿ ಮೆಲನಿ.

ಅಪ್ಪ ಅಮ್ಮ ಕೇಳುವ ಪ್ರಶ್ನೆ

ಅಕ್ಕನ ಮಗ ಕತೆಯೆಲ್ಲ ಕೇಳಿ ಕೊನೆಗೆ ಕೇಳಿದ್ದು ಒಂದೇ. ‘ತಲೆಗೆ ಪೆಟ್ಟು ಬೀಳಲ್ವಾ ಮಾಮ?’

ಬೀಳುತ್ತದೆ. ಓಡಿ ಬರುವವನಿಗೆ ಎದುರು ಓಡಿ ಹೋಗುವುದೇ ಲೈನ್‌ಬ್ಯಾಕರಿನ ಕೆಲಸ. ಹೆಲ್ಮೆಟ್ ತಲೆಬುರುಡೆಯನ್ನು ಕಾಯುತ್ತದೆ. ಒಳಗೆ ಮಿದುಳು ಅಲುಗುವುದನ್ನು ಪೂರ್ತಿ ತಡೆಯುವುದಿಲ್ಲ. ಮುಚ್ಚಿದ ಡಬ್ಬಿ ಕುಲುಕಿದರೆ ಡಬ್ಬಿಗೆ ಏನೂ ಆಗದಿದ್ದರೂ ಒಳಗಿನದು ಬಡಿದಾಡುತ್ತದಲ್ಲ, ಹಾಗೆ. ಪದೇ ಪದೇ ಇಂಥ ಪೆಟ್ಟು ತಿಂದವರಲ್ಲಿ ವರ್ಷಗಳ ಮೇಲೆ ಸಿಟಿಇ ಅನ್ನುವ ಮಿದುಳಿನ ಕಾಯಿಲೆ ಬರಬಹುದು. ಖಚಿತವಾಗಿ ಗೊತ್ತಾಗುವುದು ಸಾವಿನ ನಂತರ ಮಿದುಳು ಪರೀಕ್ಷಿಸಿದಾಗ ಮಾತ್ರ. 20 ಋತು ಆಡಿದ ದೊಡ್ಡ ಲೈನ್‌ಬ್ಯಾಕರ್ ಜೂನಿಯರ್ ಸೇಯಾವ್ 2012ರಲ್ಲಿ 43ನೇ ವಯಸ್ಸಿಗೆ ಆತ್ಮಹತ್ಯೆ ಮಾಡಿಕೊಂಡಾಗ ಅವರ ಮಿದುಳಿನಲ್ಲಿ ಈ ಕಾಯಿಲೆ ಪತ್ತೆಯಾಯಿತು. ಪ್ಯಾಂಥರ್ಸ್ ತಂಡದಲ್ಲೇ ಮಿಲ್ಸ್ ನಿಂತ ನಡುಜಾಗದಲ್ಲಿ ಮುಂದೆ ಮಿಂಚಿದ ಲ್ಯೂಕ್ ಕೀಕ್ಲಿ, ತಲೆಪೆಟ್ಟುಗಳ ನಂತರ 2020ರ ಜನವರಿಯಲ್ಲಿ ಆಟ ಬಿಟ್ಟರು. ಆಗ ಅವರಿಗೆ 28 ವರ್ಷ.

ಇದನ್ನು ಮುಚ್ಚಿಟ್ಟು ಬರೀ ಗೆಲುವಿನ ಕತೆ ಹೇಳುವುದು ನನಗೆ ಸರಿ ಅನಿಸುವುದಿಲ್ಲ. ಫ್ಲ್ಯಾಗ್ ಫುಟ್‌ಬಾಲ್ ಜನಪ್ರಿಯವಾಗಲು ಇದೂ ಒಂದು ಕಾರಣ. ಅದರಲ್ಲಿ ಸೊಂಟಕ್ಕೆ ಎರಡು ಪಟ್ಟಿ ಸಿಕ್ಕಿಸಿಕೊಂಡು ಓಡುತ್ತಾರೆ. ಪಟ್ಟಿ ಕಿತ್ತರೆ ಟ್ಯಾಕಲ್ ಆದ ಹಾಗೆ. ಕೆಡವುವ ಹಾಗಿಲ್ಲ. ಒಲಿಂಪಿಕ್ಸ್‌ನಲ್ಲಿ ಐದೈದು ಜನ ಆಡುವುದು ಇದನ್ನೇ. ಹುಡುಗ ಸದ್ಯಕ್ಕೆ ಅದಕ್ಕೆ ಸೇರಿದ್ದಾನೆ. ಎದುರಿನವನ ಕಾಲು, ಸೊಂಟ ನೋಡಿ ಎತ್ತ ಹೋಗುತ್ತಾನೆ ಅಂತ ಓದುವ ಕೆಲಸ ಅಲ್ಲೂ ಇದೆ.

ಮುಂದಿನ ಸಲ ಪಂದ್ಯ ಕಂಡರೆ ಚೆಂಡನ್ನು ಬಿಟ್ಟುಬಿಡಿ. ಡೌನ್ ಶುರುವಾಗುವ ಮುಂಚೆ ತಡೆಯುವವರ ಕಡೆ ನೋಡಿ. ಗೋಡೆಯ ಹಿಂದೆ ನಡುವೆ ಒಬ್ಬ ನಿಂತಿರುತ್ತಾನೆ. ಕೈ ತೋರಿಸುತ್ತಾನೆ, ಕೂಗುತ್ತಾನೆ, ಮುಂದಿನವನ ಬೆನ್ನು ತಟ್ಟಿ ಪಕ್ಕಕ್ಕೆ ಸರಿಸುತ್ತಾನೆ. ಅವನ ಹೆಲ್ಮೆಟ್ಟಿನ ಹಿಂದೆ ಹಸಿರು ಚುಕ್ಕೆ ಇದ್ದರೆ ಒಳಗೆ ರೇಡಿಯೊ ಇದೆ ಅಂತ ತಿಳಿಯಿರಿ, ಕೋಚ್ ನೇರವಾಗಿ ಕಿವಿಯಲ್ಲಿ ಮಾತಾಡುತ್ತಾರೆ. ಡಿಫೆನ್ಸ್‌ಗೆ ಆ ಸೌಲಭ್ಯ ಬಂದದ್ದು 2008ರಲ್ಲಿ. ಅದಕ್ಕಿಂತ ಮೊದಲು ಸ್ಯಾಮ್ ಮಿಲ್ಸ್ ಗೆರೆಯಾಚೆಯಿಂದ ಬಂದ ಕೈಸನ್ನೆ ನೋಡಿ, ತಿರುಗಿ, 11 ಜನರ ಗುಂಪಿನಲ್ಲಿ ತಲೆಯೆತ್ತಿ ಹೇಳುತ್ತಿದ್ದರು. ಸುತ್ತ ನಿಂತ ಹೆಚ್ಚಿನವರು ಅವರಿಗಿಂತ ಎತ್ತರ. ಎಲ್ಲರೂ ಬಗ್ಗಿ ಕೇಳಿಸಿಕೊಳ್ಳುತ್ತಿದ್ದರು.